ಕೂಡಲೆಯಿಂದ ಕೂಡ್ಲುವರೆಗೆ: ನಗರದ ಅಂಚಿನ ಹಳೆಯ ಹಾದಿಗಳು

ಬೆಂಗಳೂರಿನ ಹುಟ್ಟಿನ ಬಗ್ಗೆ ಕೇಳಿದರೆ ನಮ್ಮಲ್ಲಿ ಬಹುಮಂದಿ ಎರಡು ಸಂಗತಿಗಳನ್ನು ಹೇಳುತ್ತಾರೆ. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದು ಹಸಿವು ನೀಗಿಕೊಂಡನೆಂಬುದು ಒಂದು. 1537ರಲ್ಲಿ ಕೆಂಪೇಗೌಡರು ಇಲ್ಲಿ ಕೋಟೆ ಪೇಟೆಗಳನ್ನು ಕಟ್ಟಿದರೆಂಬುದು ಇನ್ನೊಂದು. ಮೊದಲನೆಯದು ಕಥೆ, ಎರಡನೆಯದು ಚರಿತ್ರೆ. ಆದರೆ ಕಥೆಯ ಆ ದೊರೆ ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಮೊದಲೇ ಬೆಂಗಳೂರೆಂಬ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಆ ಕಲ್ಲು ಇರುವುದು ನಗರದ ನಡುವಿನಲ್ಲಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಕೆಲವೇ ಕಿಲೋಮೀಟರು ದೂರದ ಬೇಗೂರಿನಲ್ಲಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಇವೆಲ್ಲ ಪಾಳುಭೂಮಿಯಲ್ಲಿ ತಲೆಯೆತ್ತಿದ ಬಡಾವಣೆಗಳೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ವಿಜ್ಞಾನದ ಪದವೀಧರನಾದ ನಾನೂ ಹಾಗೆಯೇ ನಂಬಿದ್ದೆ. ಕಾರ್ಯಕ್ರಮಗಳ ಚಿತ್ರೀಕರಣಕ್ಕಾಗಿ ಈ ಸೀಮೆಯಲ್ಲಿ ತಿರುಗಾಡುತ್ತ ಆ ನಂಬಿಕೆ ಸಡಿಲವಾಯಿತು. ವೀಕ್ಷಕರೂ ಒಂದು ಭಾನುವಾರ ಬೆಳಗ್ಗೆ ಕಾಲ್ನಡಿಗೆಯಲ್ಲಿ ಹೊರಟು ಇದನ್ನು ಪರೀಕ್ಷಿಸಿ ನೋಡಬಹುದು.

ಬೇಗೂರಿನ ಹನ್ನೆರಡು ಹಳ್ಳಿ

ಬೇಗೂರಿನ ನಾಗೇಶ್ವರ ದೇವಾಲಯದ ಮೂಲ ಗಂಗರ ಕಾಲದ್ದು. ಚೋಳರ ಕಾಲದಲ್ಲಿ ಅದಕ್ಕೆ ಮತ್ತಷ್ಟು ಗುಡಿಗಳು ಸೇರಿಕೊಂಡು ಇಂದು ಅದು ಪಂಚಲಿಂಗೇಶ್ವರವೆಂದು ಹೆಸರಾಗಿದೆ. ಅದರ ಆವರಣದಲ್ಲಿರುವ, ಕ್ರಿ.ಶ. 890ರ ಆಸುಪಾಸಿನದೆಂದು ಹೇಳಲಾಗುವ ಶಾಸನವೊಂದು ನಾಗತ್ತರನೆಂಬ ಗಂಗ ಅಧಿಕಾರಿಯ ಮನೆಗೆ ಸೇರಿದವರು ‘ಬೆಂಗಳೂರ ಕಾಳೆಗ’ದಲ್ಲಿ ಸತ್ತರೆಂದು ತಿಳಿಸುತ್ತದೆ. ಇದನ್ನು ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು.

ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರ ಯುದ್ಧಕ್ಕೆ ಹೋದನು. ಆನೆಗಳ ನಡುವೆ ಹೋರಾಡಿ ಮಡಿದನು. ಅವನ ಪದವಿಯನ್ನು ಇರುಗನಿಗೆ ಕಟ್ಟಿ ‘ಬೆಂಪೂರು ಹನ್ನೆರಡು’ ಎಂಬ ಊರುಗಳನ್ನು ದತ್ತಿಯಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಬೆಂಪೂರೇ ಇಂದಿನ ಬೇಗೂರು. ಉಳಿದ ಊರುಗಳ ಪಟ್ಟಿಯನ್ನು ನಿಧಾನವಾಗಿ ಓದಿ: ತೊವಗೂರು, ಇಗ್ಗಲೂರು, ಎಲ್ಕುಂಟೆ, ಕೂಡಲೆ, ಹೀಗೆ ಸಾಗುತ್ತದೆ. ದೊಡ್ಡತೋಗೂರು, ಚಿಕ್ಕತೋಗೂರು, ಇಗ್ಗಲೂರು, ಎಳ್ಳುಕುಂಟೆ, ಕೂಡ್ಲು ಎಂದು ಅವನ್ನು ಇಂದು ಗುರುತಿಸುವುದು ಕಷ್ಟವಲ್ಲ. ಪಟ್ಟಿಯಲ್ಲಿರುವ ಪುಲ್ಲಿಮಂಗಲ ಇಂದಿನ ಹುಲಿಮಂಗಲವಿರಬೇಕು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದು ನಮಗೆಲ್ಲ ತಿಳಿದದ್ದೇ.

1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆಂದು ನೆಲ ಹಿಡಿದದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ. ಎಂದರೆ ಗಂಗರ ಕಾಲದ ದಾನಪತ್ರದಲ್ಲಿ ಹೆಸರಿರುವ ಊರಿನ ಹೊಲದಲ್ಲಿ. 2025ರಲ್ಲಿ ಆ ದಾರಿಯಲ್ಲಿ ಮೆಟ್ರೊ ರೈಲು ಬಂದಾಗ ಒಂದು ನಿಲ್ದಾಣಕ್ಕೆ ಕೂಡ್ಲು ಗೇಟ್ ಎಂದು ಹೆಸರಿಟ್ಟರು. ದಿನವೂ ಅಲ್ಲಿ ಇಳಿಯುವ ಸಾವಿರಾರು ಮಂದಿಗೆ ತಾವು ಹನ್ನೊಂದು ಶತಮಾನಗಳ ಹಿಂದಿನ ಹೆಸರಿನಲ್ಲಿ ಇಳಿಯುತ್ತಿದ್ದೇವೆಂಬುದು ತಿಳಿದಿರಲಾರದು.

ಪಟ್ಟಂದೂರಿನ ಕೆರೆ

ಇನ್ನು ಪೂರ್ವಕ್ಕೆ ವೈಟ್‌ಫೀಲ್ಡಿನತ್ತ ಹೋಗೋಣ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ವೈಟ್‌ಫೀಲ್ಡಿನ ಚರಿತ್ರೆ ಇಲ್ಲಿಂದಲೇ ಆರಂಭವೆಂದು ಬರೆಯುವುದು ವಾಡಿಕೆ. ಆದರೆ ಪಕ್ಕದ ಕಾಡುಗೋಡಿ, ಪಟ್ಟಂದೂರುಗಳ ದಾಖಲೆ ಅದಕ್ಕಿಂತ ಎಂಟು ಶತಮಾನ ಹಿಂದಿನದು. ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನವೊಂದರ ಪ್ರಕಾರ ರಾಜರಾಜ ವೇಳಾನ್ ಎಂಬಾತ ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬುಗಳನ್ನಿರಿಸಿ, ದುರ್ಗೆ, ಗಣಪತಿ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದನು.

ತೂಬಿನ ಮಾತು ಶಾಸನದಲ್ಲಿರುವುದನ್ನು ಗಮನಿಸಬೇಕು. ಬೆಂಗಳೂರಿನ ಸುತ್ತ ದೊಡ್ಡ ನದಿಗಳಿಲ್ಲ. ದಿಣ್ಣೆಯಿಂದ ಇಳಿಯುವ ಮಳೆನೀರನ್ನು ಏರಿ ಹಾಕಿ ತಡೆದು, ತೂಬಿನಿಂದ ಗದ್ದೆಗೆ ಬಿಟ್ಟು, ಹೆಚ್ಚಾದುದನ್ನು ಕೋಡಿಯ ಮೂಲಕ ಕೆಳಗಿನ ಕೆರೆಗೆ ಹರಿಸುವುದೇ ಇಲ್ಲಿನ ಬದುಕಿನ ಆಧಾರವಾಗಿತ್ತು. ಒಂದು ಕೆರೆ ಕಟ್ಟಿದವನು ಮುಂದಿನ ಕೆರೆಗೂ ದಾರಿ ಬಿಡಬೇಕಿತ್ತು. ಆ ದಾರಿಯನ್ನು ಮುಚ್ಚಿದ ಕಡೆಗಳಲ್ಲಿ ಇಂದು ಜೋರು ಮಳೆ ಬಂದರೆ ಕಚೇರಿಗಳ ನೆಲಮಾಳಿಗೆಗೆ ನೀರು ನುಗ್ಗುತ್ತದೆ. ಐಟಿಪಿಎಲ್ ಬಳಿಯ ಮೆಟ್ರೊ ನಿಲ್ದಾಣದ ಹೆಸರು ಪಟ್ಟಂದೂರು ಅಗ್ರಹಾರ. ಅಲ್ಲಿ ಇಳಿದವರು ಶಾಸನದ ಊರಿನಲ್ಲೇ ಇಳಿದಂತೆ.

ಇಟ್ಟಿಗೆ ಕಾಲುವೆಯ ಹಾದಿ

ಪೀಣ್ಯದಲ್ಲಿ ಕೈಗಾರಿಕೆಗಳು ಬೆಳೆದದ್ದು 1970ರ ದಶಕದಿಂದ ಈಚೆಗೆ. ಅದರ ಉತ್ತರಕ್ಕೆ, ಜಾಲಹಳ್ಳಿ, ಚಿಕ್ಕಬಾಣಾವರಗಳನ್ನು ದಾಟಿದರೆ ಸಿಗುವುದು ದೊರೆಗಳ ಕುರುಹಲ್ಲ, ಎಂಜಿನಿಯರುಗಳ ಕುರುಹು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, 1896ರಿಂದ ನಗರಕ್ಕೆ ನೀರು ಕೊಟ್ಟರು. ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಇಟ್ಟಿಗೆ ಕಾಲುವೆಯೊಳಗೆ ಸೋಲದೇವನಹಳ್ಳಿಗೆ ಬರುತ್ತಿತ್ತು. ಅಲ್ಲಿಂದ ಉಗಿಯಂತ್ರಗಳು ಅದನ್ನು ಮೇಲೆತ್ತುತ್ತಿದ್ದವು. ತರಬನಹಳ್ಳಿಯ ಬಳಿ ಕಮಾನುಗಳ ಮೇಲೆ ಸಾಗುವ ಆ ಕಾಲುವೆಯ ಭಾಗವನ್ನು ನೋಡಿದಾಗ, ಭೌತಶಾಸ್ತ್ರದ ಪಾಠದಲ್ಲಿ ಓದಿದ್ದ ಮಟ್ಟ, ಒತ್ತಡಗಳ ಅರ್ಥ ನನಗೆ ಕಣ್ಣಿಗೆ ಕಟ್ಟಿದಂತಾಯಿತು.

ಒಂದು ತಪ್ಪಿನ ಕಥೆ

ಈ ಹಾದಿಗಳ ಬಗ್ಗೆ ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣವಿದೆ. ಸುಮಾರು 2008ರಲ್ಲಿ ಆನೇಕಲ್ ಕಡೆಯ ಒಂದು ಹಳ್ಳಿಗೆ ಬೇರೊಂದು ಕಾರ್ಯಕ್ರಮಕ್ಕಾಗಿ ಹೋಗಿದ್ದೆ. ಹುಣಸೆಮರದ ಬುಡದಲ್ಲಿ ಒಂದು ವೀರಗಲ್ಲು ಒರಗಿತ್ತು. ಕತ್ತಿ ಹಿಡಿದ ವೀರ, ಅವನ ಮೇಲೆ ಎರಡು ಸಾಲು ಅಕ್ಷರ. ದನಕ್ಕೆ ನೀರು ತೋರಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು, “ಅದ್ರಲ್ಲಿ ಏನೋ ಬರ್ದವ್ರೆ ಸ್ವಾಮಿ. ಓದೋರು ಯಾರಾದ್ರೂ ಸಿಕ್ಕಿದ್ರೆ ಕರ್ಕೊಂಡ್ ಬನ್ನಿ” ಎಂದರು. ಆಗಲಿ ಅಮ್ಮ ಎಂದೆ. ಕ್ಯಾಮೆರಾದಲ್ಲಿ ಹತ್ತು ಸೆಕೆಂಡು ಚಿತ್ರ ತೆಗೆಸಿದೆ, ಅಷ್ಟೆ. ಆ ಚಿತ್ರ ಕಾರ್ಯಕ್ರಮಕ್ಕೆ ಬೇಕಾಗಲಿಲ್ಲ. ಕೆಲವು ತಿಂಗಳ ಮೇಲೆ, ಅಳಿಸಿ ಮತ್ತೆ ಬಳಸಬಹುದಾದ ಟೇಪುಗಳ ಪಟ್ಟಿಗೆ ಅದನ್ನು ಸೇರಿಸಿ ಸಹಿ ಹಾಕಿದವನೂ ನಾನೇ.

2021ರಲ್ಲಿ ಮತ್ತೆ ಹೋದಾಗ ಅಲ್ಲಿ ಬಡಾವಣೆ ಎದ್ದಿತ್ತು. ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಅಜ್ಜಿ ತೀರಿಕೊಂಡಿದ್ದರು. ಚರಂಡಿಯ ಕೆಲಸದಲ್ಲಿ ಕಲ್ಲು ಹೂತುಹೋಗಿರಬೇಕು ಎಂದು ಒಬ್ಬರು ಹೇಳಿದರು. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ಅಚ್ಚು ಮಾಡಿಸಿದ್ದರು. ಅದರಲ್ಲಿ ಈ ಹಳ್ಳಿಯ ಹೆಸರು ಹುಡುಕಿದೆ. ಆ ಕಲ್ಲಿನ ಸುದ್ದಿ ಕಾಣಲಿಲ್ಲ. ಆ ವೀರ ಯಾರು, ಯಾರ ದನಗಳಿಗಾಗಿ ಅಥವಾ ಯಾವ ಊರಿಗಾಗಿ ಸತ್ತ ಎಂಬುದನ್ನು ಹೇಳುತ್ತಿದ್ದ ಆ ಎರಡು ಸಾಲನ್ನು ಓದುವ ಅವಕಾಶ ನನ್ನ ಕೈಯಲ್ಲಿ ಬಂದು, ನನ್ನ ಕೈಯಿಂದಲೇ ಹೋಯಿತು.

ನಾವು ಮಾಡಬಹುದಾದದ್ದು

ಅದೇ 2021ರಲ್ಲಿ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕೆಲಸ ಆರಂಭಿಸಿತು. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಈ ವಿಧಾನದಲ್ಲಿ ಮೂಡಿಬರುತ್ತವೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನೆಂಬ ವೀರನ ಕಲ್ಲು ಸುಮಾರು ಕ್ರಿ.ಶ. 750ರದು. ಇಷ್ಟು ದೊಡ್ಡ ನಗರದೊಳಗೆ ಅಂಥದೊಂದು ಅಷ್ಟು ಕಾಲ ಕಣ್ಣಿಗೆ ಬೀಳದೆ ಉಳಿದಿತ್ತೆಂದರೆ, ಇನ್ನೂ ಎಷ್ಟಿರಬಹುದು ಎಂದು ಊಹಿಸಬೇಕು.

ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯೂ ಕಬ್ಬಿಣ, ಉಕ್ಕಿನ ಕಾರ್ಖಾನೆಗಳ ನಾಡು. ಅಲ್ಲಿನ ಹಳ್ಳಿಗಾಡಿನ ದೂರದ ಕಾಲುದಾರಿಗಳಲ್ಲಿ ಮರ, ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟಿ ಬಳಿದಿರುತ್ತಾರೆ. ಆ ಗುರುತು ಹಿಡಿದು ಅಪರಿಚಿತರೂ ಹಳೆಯ ಊರುಗಳ ನಡುವೆ ನಡೆದು ಹೋಗಬಹುದು. ಬೇಗೂರಿನಿಂದ ತೋಗೂರಿಗೆ, ಹೆಸರಘಟ್ಟದಿಂದ ಸೋಲದೇವನಹಳ್ಳಿಗೆ ಇಂಥ ಗುರುತುಗಳನ್ನು ಹಾಕಲು ಬೇಕಾಗುವುದು ಒಂದಿಷ್ಟು ಬಣ್ಣ ಮತ್ತು ಒಂದೆರಡು ಫಲಕ. ಆದರೆ ಆ ಬಣ್ಣ ಶಾಸನದ ಕಲ್ಲಿಗೆ ತಾಗಬಾರದು.

ನೋಡಲು ಹೋಗುವವರಿಗೆ ಒಂದು ಸೂಚನೆ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಬಿಸಿಲು ಬದಿಯಿಂದ ಬಿದ್ದಾಗ ಅಕ್ಷರಗಳ ನೆರಳು ಎದ್ದು ಕಾಣುತ್ತದೆ; ನಡುಹಗಲಲ್ಲಿ ಅದೇ ಕಲ್ಲು ಬೋಳಾಗಿ ತೋರುತ್ತದೆ. ಕಲ್ಲಿಗೆ ಎಣ್ಣೆ, ಸುಣ್ಣ ಹಚ್ಚಬೇಡಿ, ಉಜ್ಜಿ ತೊಳೆಯಬೇಡಿ. ಚಿತ್ರ ತೆಗೆದು, ಊರಿನ ಹೆಸರು, ಕಲ್ಲಿದ್ದ ಜಾಗ, ತಾರೀಖುಗಳನ್ನು ಬರೆದಿಟ್ಟುಕೊಂಡು, ಬಲ್ಲವರಿಗೆ ತಲುಪಿಸಿ. ಓದುವವರನ್ನು ಕರೆತರುತ್ತೇನೆಂದು ಊರಿನ ಹಿರಿಯರಿಗೆ ಮಾತು ಕೊಟ್ಟರೆ, ಆ ವಾರವೇ ಕರೆದುಕೊಂಡು ಹೋಗಿ.