ಒಂದಡಿ ನೀರೇ ಇದರ ಬದುಕು: ದೆಹಲಿಗೆ ಬರುವ ಚಮಚ ಕೊಕ್ಕಿನ ಹಕ್ಕಿ ಬಗ್ಗೆ ನಿಮಗೆ ಗೊತ್ತೇ?

ನವದೆಹಲಿ: ಚಳಿಗಾಲ ಶುರುವಾದರೆ ಸಾಕು, ರಾಷ್ಟ್ರ ರಾಜಧಾನಿ ಸುತ್ತಮುತ್ತಲಿನ ಕೆರೆ, ಜೌಗು ಪ್ರದೇಶಗಳತ್ತ ಹಕ್ಕಿ ವೀಕ್ಷಕರು ಕ್ಯಾಮೆರಾ ಹಿಡಿದು ಹೊರಡುತ್ತಾರೆ. ಅವರು ಹುಡುಕುವ ಹಕ್ಕಿಗಳಲ್ಲಿ ಸ್ಪೂನ್‌ಬಿಲ್ ಕೂಡ ಒಂದು. ಕನ್ನಡದಲ್ಲಿ ಇದನ್ನು ಚಮಚ ಕೊಕ್ಕು ಎನ್ನುತ್ತಾರೆ. ಬಿಳಿ ಮೈ, ಉದ್ದನೆಯ ಕಪ್ಪು ಕಾಲು ಇರುವುದರಿಂದ ದೂರಕ್ಕೆ ಬೆಳ್ಳಕ್ಕಿಯಂತೆಯೇ ಕಾಣುತ್ತದೆ. ಆದರೆ ತುದಿಯಲ್ಲಿ ಚಪ್ಪಟೆಯಾಗಿ ಅಗಲವಾದ ಕೊಕ್ಕು ನೋಡಿದ ಮೇಲೆ ಗುರುತು ತಪ್ಪುವುದಿಲ್ಲ.

ಬೆಳ್ಳಕ್ಕಿಯಲ್ಲ, ಕೆಂಬರಲಿನ ಸಂಬಂಧಿ

ಜಗತ್ತಿನಲ್ಲಿ ಸ್ಪೂನ್‌ಬಿಲ್‌ನ ಆರು ಪ್ರಭೇದಗಳಿವೆ. ಭಾರತದಲ್ಲಿ ಕಾಣಸಿಗುವುದು ಯುರೇಷಿಯನ್ ಸ್ಪೂನ್‌ಬಿಲ್. ಉದ್ದ ಸುಮಾರು 80ರಿಂದ 90 ಸೆಂ.ಮೀ. ಇದು ಕೆಂಬರಲು ಅಥವಾ ಐಬಿಸ್ ಹಕ್ಕಿಗಳ ಕುಟುಂಬಕ್ಕೆ ಸೇರಿದೆ. ಬೆಳ್ಳಕ್ಕಿ ಹಾರುವಾಗ ಕತ್ತನ್ನು ಮಡಚಿಕೊಂಡರೆ, ಸ್ಪೂನ್‌ಬಿಲ್ ಕತ್ತನ್ನು ಮುಂದಕ್ಕೆ ನೀಳವಾಗಿ ಚಾಚಿ ಹಾರುತ್ತದೆ.

ಕಣ್ಣಲ್ಲ, ಕೊಕ್ಕೇ ಬೇಟೆಗಾರ

ಬೆಳ್ಳಕ್ಕಿ ನಿಂತಲ್ಲೇ ನಿಂತು ಮೀನಿಗಾಗಿ ಕಾಯುತ್ತದೆ. ಸ್ಪೂನ್‌ಬಿಲ್ ಹಾಗಲ್ಲ. ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿ ಮುಳುಗಿಸಿ, ಎಡಕ್ಕೂ ಬಲಕ್ಕೂ ಬೀಸುತ್ತಾ ಮುಂದೆ ನಡೆಯುತ್ತದೆ. ಕೊಕ್ಕಿನ ಒಳಭಾಗದಲ್ಲಿ ಸ್ಪರ್ಶವನ್ನು ಗ್ರಹಿಸುವ ನರತುದಿಗಳಿವೆ. ಸಣ್ಣ ಮೀನು, ಸಿಗಡಿ, ಗೊದಮೊಟ್ಟೆ ಅಥವಾ ನೀರಿನ ಹುಳು ತಗುಲಿದ ಕೂಡಲೇ ಕೊಕ್ಕು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಕದಡಿದ ನೀರಿನಲ್ಲೂ, ರಾತ್ರಿಯಲ್ಲೂ ಇದಕ್ಕೆ ಆಹಾರ ಸಿಗುತ್ತದೆ.

ಆದರೆ ಈ ವಿಧಾನಕ್ಕೆ ಒಂದು ಮಿತಿಯಿದೆ. ಸ್ಪೂನ್‌ಬಿಲ್ ಮೇಯುವುದು ಸಾಮಾನ್ಯವಾಗಿ 30 ಸೆಂ.ಮೀ.ಗಿಂತ, ಅಂದರೆ ಒಂದಡಿಗಿಂತ ಕಡಿಮೆ ಆಳದ ನೀರಿನಲ್ಲಿ. ನೀರು ಹೆಚ್ಚಾದರೆ ಕೊಕ್ಕು ತಳ ಮುಟ್ಟುವುದಿಲ್ಲ, ಬತ್ತಿದರೆ ಆಹಾರವೇ ಇರುವುದಿಲ್ಲ.

ದೆಹಲಿಯಲ್ಲಿ ನೀರಿನ ಕೀಲಿ ಮನುಷ್ಯರ ಕೈಯಲ್ಲಿ

ದೆಹಲಿ–ನೋಯ್ಡಾ ಗಡಿಯಲ್ಲಿ ಯಮುನೆಯ ದಡದಲ್ಲಿರುವ ಓಖ್ಲಾ ಪಕ್ಷಿಧಾಮ 1990ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಸುಮಾರು 4 ಚದರ ಕಿ.ಮೀ. ಇಲ್ಲಿನ ನೀರಿನ ಮಟ್ಟವನ್ನು ನಿರ್ಧರಿಸುವುದು ಓಖ್ಲಾ ಬ್ಯಾರೇಜ್‌ನ ಗೇಟುಗಳು. ಗುರುಗ್ರಾಮ ಜಿಲ್ಲೆಯ ಸುಲ್ತಾನ್‌ಪುರ 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2021ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು. ಕೇವಲ 1.42 ಚದರ ಕಿ.ಮೀ. ವಿಸ್ತೀರ್ಣದ ಈ ಉದ್ಯಾನದ ಕೆರೆಗೆ ಮಳೆಯ ಜೊತೆಗೆ ಕಾಲುವೆ ನೀರೂ ಬೇಕು. ನೀರು ಯಾವಾಗ, ಎಷ್ಟು ಬಿಡಬೇಕು ಎಂಬ ನಿರ್ಧಾರವೇ ಇಲ್ಲಿ ಹಕ್ಕಿಗಳ ಊಟವನ್ನೂ ನಿರ್ಧರಿಸುತ್ತದೆ.

ರಂಗನತಿಟ್ಟಿನಲ್ಲಿ ಗೂಡು

ಸ್ಪೂನ್‌ಬಿಲ್ ಕನ್ನಡಿಗರಿಗೆ ಅಪರಿಚಿತವಲ್ಲ. ಶ್ರೀರಂಗಪಟ್ಟಣ ಬಳಿಯ ರಂಗನತಿಟ್ಟಿನಲ್ಲಿ ಕಾವೇರಿ ನಡುಗಡ್ಡೆಗಳ ಮರಗಳ ಮೇಲೆ ಇದು ಗೂಡು ಕಟ್ಟುತ್ತದೆ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, 2022ರಲ್ಲಿ ಕರ್ನಾಟಕದ ಮೊದಲ ರಾಮ್‌ಸರ್ ತಾಣವಾಯಿತು. ಸಾಮಾನ್ಯವಾಗಿ ಮೂರ್ನಾಲ್ಕು ಮೊಟ್ಟೆಗಳಿಗೆ ಗಂಡು, ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಮರಿಯ ಕೊಕ್ಕು ಮೊದಲು ಗಿಡ್ಡವಾಗಿರುತ್ತದೆ, ಚಮಚದ ಆಕಾರ ಬರುವುದು ಬೆಳೆಯುತ್ತಾ ಹೋದಂತೆ. ಇಲ್ಲಿ ಅಪಾಯ ತಿರುಗುಮುರುಗು: ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ನಡುಗಡ್ಡೆಗಳು ಮುಳುಗಿ ತಗ್ಗಿನಲ್ಲಿರುವ ಗೂಡುಗಳು ಕೊಚ್ಚಿಹೋಗುತ್ತವೆ.

ಬ್ರಿಟನ್ ಕಲಿಸಿದ ಪಾಠ

ಜಾಗತಿಕವಾಗಿ ಈ ಹಕ್ಕಿ ಸದ್ಯ ಅಳಿವಿನಂಚಿನಲ್ಲಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಆದರೆ ಬೇಟೆಗೆ ತಡೆ ಹಾಕಿದರಷ್ಟೇ ಸಾಲದು. ಜೌಗು ನೆಲವನ್ನು ಬತ್ತಿಸಿದ್ದು ಮತ್ತು ಬೇಟೆಯಿಂದಾಗಿ 17ನೇ ಶತಮಾನದಲ್ಲಿ ಬ್ರಿಟನ್‌ನಲ್ಲಿ ಇದರ ಸಂತಾನೋತ್ಪತ್ತಿ ನಿಂತುಹೋಯಿತು. ನಾರ್ಫೋಕ್‌ನ ಹೋಲ್ಕಮ್‌ನಲ್ಲಿ ಮತ್ತೆ ಒಂದು ಗೂಡುತಾಣ ನೆಲೆಯೂರಿದ್ದು 2010ರಲ್ಲಿ. ಅಂದರೆ ಬಿಟ್ಟುಹೋದ ಹಕ್ಕಿ ಮರಳಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.