ಐದು ಸಾವಿರ ಸರ್ವರ್ ಇದ್ರೂ ಸೈಟ್ ಬಿತ್ತು

ತಾಂಡ್ಯ ಕೈಗಾರಿಕಾ ಪ್ರದೇಶದ ಕಡೆ ಹೋಗುವ ಕಂಟೇನರ್ ಲಾರಿಗಳನ್ನು ನೋಡಿದ್ದೀರಾ? ಒಳಗೆ ಏನಿದೆ ಅನ್ನೋದು ಕ್ರೇನ್‌ಗೆ ಬೇಕಿಲ್ಲ, ಡಬ್ಬದ ಅಳತೆ ಸರಿ ಇದ್ರೆ ಸಾಕು. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಹಡಗಿನಲ್ಲಿ 58 ಡಬ್ಬ ಕಳಿಸಿ ಈ ಪದ್ಧತಿಗೆ ದಾರಿ ಮಾಡಿದ.

2013ರಲ್ಲಿ ಬಂದ ಡಾಕರ್, ಆಪ್ ಓಡೋಕೆ ಬೇಕಾದ್ದನ್ನೆಲ್ಲ ಹೀಗೇ ಒಂದು ಡಬ್ಬಕ್ಕೆ ತುಂಬೋದನ್ನ ಸುಲಭ ಮಾಡಿತು. ಆದ್ರೆ ಡಬ್ಬಗಳು ಸಾವಿರ ಆದಾಗ? ಯಾವುದು ಯಾವ ಯಂತ್ರದಲ್ಲಿ ಓಡಬೇಕು, ನಿಂತುಹೋದದ್ದನ್ನ ಯಾರು ಎಬ್ಬಿಸಬೇಕು? ಗೂಗಲ್ ತನ್ನೊಳಗೆ ಬೋರ್ಗ್ ಎಂಬ ವ್ಯವಸ್ಥೆಯಿಂದ ಈ ಕೆಲಸ ಮಾಡಿಸ್ತಿತ್ತು. ಆ ಅನುಭವದಿಂದ ಹುಟ್ಟಿದ ಕುಬರ್ನೆಟಿಸ್ ಅನ್ನು 2014ರ ಜೂನ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವನು ಅಂತ ಅರ್ಥ. ಕಪಿಲಾ ದಡದವರಾದ ನಾವು ಅಂಬಿಗ ಅನ್ನಬಹುದು.

ಸರಿಯಾಗಿ ನಾಲ್ಕು ತಿಂಗಳಿಗೆ, ಅಕ್ಟೋಬರ್ 6ರಂದು, ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ 'ಬಿಗ್ ಬಿಲಿಯನ್ ಡೇ' ನಡೆಸಿತು. ಜನ ಮುಗಿಬಿದ್ದರು, ಸೈಟ್ ಕೈಕೊಟ್ಟಿತು, ಎಷ್ಟೋ ಆರ್ಡರ್ ರದ್ದಾದವು. ಮರುದಿನ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಗ್ರಾಹಕರ ಕ್ಷಮೆ ಕೇಳಿದರು. ಸುಮಾರು 5,000 ಸರ್ವರ್ ಹೂಡಿ, 20 ಪಟ್ಟು ದಟ್ಟಣೆಗೆ ತಯಾರಾಗಿದ್ದೆವು, ಬಂದದ್ದು ಅದಕ್ಕೂ ಹೆಚ್ಚು ಅಂತ ಒಪ್ಪಿಕೊಂಡರು.

ಕುಬರ್ನೆಟಿಸ್ ಇದ್ದಿದ್ರೆ ಉಳೀತಿತ್ತಾ? ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೇಲಿ ಹೇಳ್ತೀನಿ. ಪುಸ್ತಕದಲ್ಲಿ ಹತ್ತು ಮೂಟೆ, ಗೋದಾಮಲ್ಲಿ ಒಂಬತ್ತು ಇದ್ರೆ ಗುಮಾಸ್ತ ಇನ್ನೊಂದು ತರಿಸ್ತಾನಲ್ಲ, ಕುಬರ್ನೆಟಿಸ್ ಮಾಡೋದೂ ಅದನ್ನೇ. 'ಈ ಆಪ್ ಹತ್ತು ಪ್ರತಿ ಓಡ್ತಿರಲಿ' ಅಂತ ಬರೆದಿಟ್ರೆ, ಒಂದು ಬಿದ್ದ ತಕ್ಷಣ ಇನ್ನೊಂದನ್ನ ತಾನೇ ಎಬ್ಬಿಸುತ್ತೆ. ಮಧ್ಯರಾತ್ರಿ ಯಾರನ್ನೂ ಕರೆಯೋದಿಲ್ಲ. ಆದ್ರೆ ಯಂತ್ರಗಳೇ ಸಾಲದಿದ್ರೆ, ಹಿಂದಿರೋ ಡೇಟಾಬೇಸ್ ಉಸಿರುಗಟ್ಟಿದ್ರೆ, ಅಂಬಿಗ ಒಬ್ಬನೇ ಏನೂ ಮಾಡಲಾರ. ಹೊಳೆ ತುಂಬಿ ಬಂದಾಗ ದೋಣಿಯೂ ಗಟ್ಟಿ ಇರಬೇಕು.

ಈ ಪಾಠಕ್ಕೆ ಬೆಂಗಳೂರೇ ಒಂದು ಉತ್ತರ ಕೊಟ್ಟಿದೆ. ಇಲ್ಲಿ ಕೆಲಸ ಮಾಡ್ತಿದ್ದ ಮಾಯಾಡೇಟಾ ತಂಡದಿಂದ ಲಿಟ್ಮಸ್ ಬಂತು. ಓಡ್ತಿರೋ ವ್ಯವಸ್ಥೆಯನ್ನ ಬೇಕಂತಲೇ ಕೆಡಿಸಿ, ಎಲ್ಲಿ ಸೋರುತ್ತೆ ಅಂತ ಮೊದಲೇ ತೋರಿಸೋ ಮುಕ್ತ ತಂತ್ರಾಂಶ ಅದು. ಕುಬರ್ನೆಟಿಸ್ ಅನ್ನು ನೋಡಿಕೊಳ್ಳೋ ಸಿಎನ್‌ಸಿಎಫ್ ಪ್ರತಿಷ್ಠಾನ 2020ರಲ್ಲಿ ಅದನ್ನೂ ಸೇರಿಸಿಕೊಂಡಿತು.

ಮುಂದಿನ ಸಲ ಸೇಲ್ ದಿನ ನಿಮ್ಮ ಆರ್ಡರ್ ಸಲೀಸಾಗಿ ಹೋದ್ರೆ, ಅದಕ್ಕೂ ಮುಂಚೆ ಯಾರೋ ಆ ದೋಣಿಯನ್ನ ನೂರು ಸಲ ಮುಳುಗಿಸಿ ನೋಡಿರಬಹುದು ಅಂತ ನೆನಪಿಟ್ಟುಕೊಳ್ಳಿ. ಸಿಗೋಣ.