ತಾನಾಗೇ ಬಂದ್ ಬೀಳ್ತಿದ್ದ ಕಂಪ್ಯೂಟರಿನ ಇತಿಹಾಸ

ಹೋದ ತಿಂಗಳ ಪ್ರೆಶರ್ ಕುಕ್ಕರ್ ನಮ್ಮ ಮನಿಗೆ ಬಂದ ಕಥಿ ಬರದಾಗ ನಿಮ್ಮೊಳಗ ಮೂರ್ನಾಲ್ಕು ಮಂದಿ, ‘ಇನ್ನ ಕಂಪ್ಯೂಟರ್ ಕಥಿನೂ ಬರೀರಿ’ ಅಂದಿದ್ರಿ. ಬರೀತೀನಿ. ಆದ್ರ ಅದು ಬಂದ ದಿನದ ಆರತಿ, ಮ್ಯಾಲ ಹೊದಿಸಿದ ಕಸೂತಿ ಬಟ್ಟಿ, ಚಪ್ಪಲ್ ಬಿಟ್ಟು ಒಳಗ ಹೋಗೋ ನೇಮ, ಇದೆಲ್ಲಾ ಎಲ್ಲಾರ ಮನ್ಯಾಗೂ ಆಗಿದ್ದ. ನಾ ಬರಿಯೋದು ಅದರ ಬ್ಯಾನಿ ಬಗ್ಗೆ.

2002ರಿಂದ 2006ರ ನಡುವ ಕಂಪ್ಯೂಟರ್ ತಗೊಂಡ ಎಷ್ಟೋ ಮನ್ಯಾಗ, ಎರಡು ವರ್ಷ ಆಗೋದ್ರಾಗ ಒಂದ ನಮೂನಿ ಬ್ಯಾನಿ ಸುರು ಆಗಿತ್ತು. ಕೂತು ಟೈಪ್ ಮಾಡ್ಲಿಕತ್ತಿರ್ತೀರಿ, ಒಮ್ಮಿಗಲೇ ನೀಲಿ ಪರದೆ, ಅದರ ಮ್ಯಾಲ ಬಿಳಿ ಇಂಗ್ಲಿಷ್ ಅಕ್ಷರ. ಓದೋದ್ರಾಗ ಮಾಯ. ಇಲ್ಲಾ ಸುಮ್ನ ಕತ್ತಲಿ ಆಗಿ, ತಾನ ಮೊದಲಿಂದ ಚಾಲೂ. ಮುಂಜಾನೆ ಹಚ್ಚಿದ್ರ ಒಂದ ಸಲಕ್ಕ ಹತ್ತಂಗಿಲ್ಲ, ನಾಲ್ಕೈದು ಸಲ ಬಟನ್ ಒತ್ತಿ ಸ್ವಲ್ಪ ಬಿಸಿ ಆದ ಮ್ಯಾಲ ಹತ್ತತದ. ಈ ಬ್ಯಾನಿಗೆ ಒಂದು ದೊಡ್ಡ ಇತಿಹಾಸ ಅದ. ಜಪಾನ, ತೈವಾನ, ಅಮೆರಿಕಾ ಎಲ್ಲಾ ಸುತ್ತಿ ಅದು ನಮ್ಮ ಹುಬ್ಬಳ್ಳಿ ಪಡಸಾಲಿಗೆ ಬಂದದ್ದು.

ನಮ್ಮ ಮನಿಗೆ ಬಂದದ್ದು 2003ರಾಗ. ಕಂಪನಿ ಮಾಲಲ್ಲ, ಬಿಡಿ ಬಿಡಿ ಭಾಗ ತಂದು ಅಂಗಡ್ಯಾಗ ಜೋಡಿಸಿ ಕೊಟ್ಟದ್ದು. ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಹುಡುಗೂರು ಶಾಲಿಗೆ ಹೋದ ಮ್ಯಾಲ ನಾನೂ ನಮ್ಮತ್ತಿಯವರೂ ಅದರ ಮುಂದ ಕೂಡ್ತಿದ್ವಿ. ಅವರು ಹಾಡೋದು, ನಾ ‘ನುಡಿ’ ಒಳಗ ಟೈಪ್ ಮಾಡೋದು. ಅರಿಶಿಣ ಹಚ್ಚೋ ಹಾಡು, ಉರುಟಣಿ ಹಾಡು, ತೊಟ್ಟಿಲ ಹಾಡು, ಬೀಗರನ್ನ ಹಂಗಿಸೋ ಹಾಡು. ಎರಡು ವರ್ಷದಾಗ 62 ಹಾಡು ಆಗಿದ್ವು. 2005ರ ಬ್ಯಾಸಗ್ಯಾಗ ಬಂದ್ ಬೀಳೋದು ಸುರು ಆತು. ಮೊದಲು ವಾರಕ್ಕೊಮ್ಮೆ, ಆಮ್ಯಾಲ ದಿನಾ.

ಈಗ ನೋಡ್ರಿ, ಕಂಪ್ಯೂಟರ್ ಕೆಟ್ರ ಮನ್ಯಾಗ ಮೊದಲನೇ ಪ್ರಶ್ನಿ ಏನು? ‘ಯಾರು ಕೂತಿದ್ರು? ಏನು ಒತ್ತಿದ್ರಿ?’ ಫ್ರಿಜ್ ಕೆಟ್ರ ಯಾರೂ ಹಂಗ ಕೇಳಂಗಿಲ್ಲ. ಎರಡನೇ ಉತ್ತರ, ‘ವೈರಸ್ ಬಂದದ’. ಇದು ಪೂರ್ತಿ ಸುಳ್ಳ ಮಾತಲ್ಲ, ಅದಕ್ಕೂ ಒಂದು ಕಾರಣ ಇತ್ತು. 2003ರ ಆಗಸ್ಟ್‌ದಾಗ ಬ್ಲಾಸ್ಟರ್ ಅನ್ನೋದೊಂದು ಹುಳ ಜಗತ್ತಿಗೆಲ್ಲಾ ಹಬ್ಬಿತ್ತು. ಇಂಟರ್ನೆಟ್ ಹಚ್ಚಿದ ಎಕ್ಸ್‌ಪಿ ಮಶೀನಿಗೆ ಅದು ಹೊಕ್ರ, 60 ಸೆಕೆಂಡ್ ಎಣಿಸಿ ಕಂಪ್ಯೂಟರ್ ಬಂದ್ ಆಗಿ ಮತ್ತ ಚಾಲೂ ಆಗ್ತಿತ್ತು. ಅವತ್ತಿನಿಂದ, ತಾನ ಬಂದ್ ಆಗಿ ಚಾಲೂ ಆಗೋ ಪ್ರತಿಯೊಂದು ಮಶೀನಿಗೂ ರಿಪೇರಿಯವರು ಅದೊಂದ ಹೆಸರು ಹೇಳ್ಲಿಕ್ಕೆ ಹತ್ತಿದ್ರು. ಆದ್ರ ಬ್ಲಾಸ್ಟರ್ 60 ಸೆಕೆಂಡ್ ಮುಂಚೆ ಹೇಳಿ ಹೋಗ್ತಿತ್ತು. ನಮ್ಮದು ಹೇಳದ ಕೇಳದ ಹೋಗ್ತಿತ್ತು. ಈ ಫರಕು ಯಾರೂ ಲಕ್ಷ್ಯ ಹಾಕಲಿಲ್ಲ.

ಇನ್ನೊಂದು ಮಜಾ ಅಂದ್ರ, ಎಕ್ಸ್‌ಪಿಯೊಳಗ ತಪ್ಪು ಆದ್ರ ನೀಲಿ ಪರದೆ ತೋರಿಸಿ ಕೂಡಲೇ ರೀಸ್ಟಾರ್ಟ್ ಆಗೋದನ್ನ ಮೊದಲ ಸೆಟ್ ಮಾಡಿಟ್ಟಿದ್ರು. ಹಿಂಗಾಗಿ ಏನು ತಪ್ಪು ಅನ್ನೋದು ಓದ್ಲಿಕ್ಕೆ ಸಿಗ್ತಿರಲಿಲ್ಲ. ಮೈ ಕಂಪ್ಯೂಟರ್, ಪ್ರಾಪರ್ಟೀಸ್, ಅಡ್ವಾನ್ಸ್ಡ್, ಅಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಒಳಗ ಹೋಗಿ ಆ ಟಿಕ್ ತಗದ್ರ ನೀಲಿ ಪರದೆ ಹಂಗ ನಿಂದರ್ತದ. ನಾ ತಗದು, ಹಾಲಿನ ಲೆಕ್ಕದ ವಹಿಯೊಳಗ ಆ ಅಕ್ಷರ ಬರದಿಡ್ಲಿಕ್ಕೆ ಸುರು ಮಾಡಿದೆ. ಎಂಟು ಸಲ ಬರದೆ, ಒಂದಕ್ಕೊಂದು ಸಂಬಂಧನ ಇಲ್ಲ, ಪ್ರತಿ ಸಲ ಬ್ಯಾರೆ ಹೆಸರು. ಒಂದ ಪ್ರೋಗ್ರಾಮ್ ಕೆಟ್ಟಿದ್ರ ಒಂದ ತಪ್ಪು ಹೊಳ್ಳಿ ಹೊಳ್ಳಿ ಬರ್ತದ. ಹಿಂಗ ದಿನಾ ಬ್ಯಾರೆ ಬ್ಯಾರೆ ಬಂತಂದ್ರ ಬ್ಯಾನಿ ಕರೆಂಟಿನ್ಯಾಗ, ರ‍್ಯಾಮಿನ್ಯಾಗ, ಇಲ್ಲಾ ಬೋರ್ಡಿನ್ಯಾಗ ಅದ ಅಂತ ತಿಳೀಬೇಕು.

ರಿಪೇರಿಯವರಿಗೆ ಆ ವಹಿ ತೋರಿಸಿದ್ರ, ‘ಅದೆಲ್ಲಾ ಬ್ಯಾಡ್ರಿ ಮೇಡಂ, ಫಾರ್ಮ್ಯಾಟ್ ಮಾಡ್ತೀನಿ’ ಅಂದ್ರು. ಆರು ತಿಂಗಳದಾಗ ಮೂರು ಸಲ ಫಾರ್ಮ್ಯಾಟ್. ಎರಡನೇ ಸಲ ‘ನಿಮ್ಮ ಫೈಲ್ ಎಲ್ಲಾ ಡಿ ಡ್ರೈವಿಗೆ ಹಾಕೀನಿ’ ಅಂತ ಹೇಳಿ ಹೋದ್ರು. ತಗದು ನೋಡಿದ್ರ ಫೋಟೋ ಇದ್ವು, ಹಾಡು ಇರಲಿಲ್ಲ. ಮೊದಲಿನ 20 ಹಾಡು ಪ್ರಿಂಟ್ ತಗದಿಟ್ಟಿದ್ದೆ, ಅವಷ್ಟ ಉಳದ್ವು. ಆವಾಗ ಅತ್ತಿಯವರಿಗೆ 78. ‘ಇರ‍್ಲಿ ಬಿಡ, ಮತ್ತ ಹೇಳ್ತೀನಿ’ ಅಂತ ಕೂತ್ರು. ಉಳದ 42ರೊಳಗ 27 ಹೇಳಿದ್ರು. ಬಾಕಿ 15ಕ್ಕ ಧಾಟಿ ಬರ್ತಿತ್ತು, ಮಾತು ಬರ್ತಿರಲಿಲ್ಲ. ಗುಂ ಗುಂ ಅಂತ ಗುನುಗಿ ಸುಮ್ನ ಆಗಿಬಿಡ್ತಿದ್ರು. ಬೀಗರ ಹಾಡು ಹೆಚ್ಚು ಕಡಿಮಿ ಎಲ್ಲಾ ಅದರಾಗ ಹೋದ್ವು.

ಕಡೀಕ ಕಂಡುಹಿಡದವ ಇಂಜಿನಿಯರಿಂಗ್ ಓದ್ಲಿಕತ್ತಿದ್ದ ನಮ್ಮ ಮೈದುನರ ಮಗ. ದೀಪಾವಳಿಗೆ ಬಂದವ ಪಕ್ಕದ ತಗಡು ತಗದು, ಬ್ಯಾಟರಿ ಹಿಡದು ನೋಡಿದ, ‘ದೊಡ್ಡಮ್ಮಾ, ಇಲ್ಲಿ ನೋಡ್ರಿ’ ಅಂದ. ಪ್ರೊಸೆಸರ್ ಫ್ಯಾನಿನ ಬಾಜೂಕ ಸಣ್ಣ ಸಣ್ಣ ಡ್ರಮ್ಮಿನ್ಹಂಗ ಐದು ನಿಂತಿದ್ವು, ಬೆರಳ ತುದಿ ಅಷ್ಟು. ಎರಡರ ತಲಿ ಸಪಾಟ. ಮೂರರ ತಲಿ ಭಕ್ಕರಿ ಉಬ್ಬಿದ್ಹಂಗ ಉಬ್ಬಿತ್ತು, ಅದರಾಗ ಒಂದರ ಮ್ಯಾಲ ಕಂದು ಬಣ್ಣದ ಹಕ್ಕಳಿ. ಭಕ್ಕರಿ ಉಬ್ಬಿದ್ರ ಚೊಲೋ, ಇದು ಉಬ್ಬಿದ್ರ ಮುಗೀತು.

ಅದರ ಹೆಸರು ಕೆಪ್ಯಾಸಿಟರ್. ಕೆಲಸ ಏನಂದ್ರ, ನಮ್ಮ ಮಾಳಗಿ ಮ್ಯಾಲಿನ ನೀರಿನ ಟ್ಯಾಂಕಿನ ಕೆಲಸ. ನಮ್ಮ ಅವಳಿ ನಗರದಾಗ ನಳ ಯಾವಾಗ ಬರ್ತದೋ ಹೇಳಂಗಿಲ್ಲ, ಆದ್ರ ಟ್ಯಾಂಕ್ ತುಂಬಿದ್ರ ಬಚ್ಚಲದಾಗ ನೀರು ಒಂದ ಸಮ ಬರ್ತದ. ಪೆಂಟಿಯಂ 4 ಪ್ರೊಸೆಸರಿಗೆ ಬೇಕಾದದ್ದು ಬರೇ ಒಂದೂವರಿ ವೋಲ್ಟ್, ಆದ್ರ ಕರೆಂಟ್ ಹತ್ತಾರು ಆಂಪಿಯರ್. ನಮ್ಮ ಮಿಕ್ಸರ್ ಚಟ್ನಿ ರುಬ್ಬಬೇಕಾದ್ರೂ ಮೂರ್ನಾಲ್ಕು ಆಂಪಿಯರ್ ದಾಟಂಗಿಲ್ಲ! ಬೋರ್ಡು 12 ವೋಲ್ಟನ್ನ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಚ್ಚಿ-ಆರಿಸಿ ಒಂದೂವರಿಗೆ ಇಳಸ್ತದ. ಆ ತುಂಡು ತುಂಡು ಕರೆಂಟನ್ನ ಒಂದ ಸಮ ಮಾಡೋದು ಈ ಡ್ರಮ್ಮು. ಟ್ಯಾಂಕ್ ಒಡದ್ರ ಕರೆಂಟ್ ಒಂದ ಕ್ಷಣ ತಗ್ಗತದ, ಪ್ರೊಸೆಸರ್ ಲೆಕ್ಕ ತಪ್ಪತದ. ಅದು ಯಾವ ಲೆಕ್ಕ ಮಾಡ್ಲಿಕತ್ತಿರ್ತದೋ ಅದರ ಹೆಸರಿನ ತಪ್ಪು ಪರದೆ ಮ್ಯಾಲ ಬರ್ತದ. ನನ್ನ ವಹಿಯೊಳಗ ಎಂಟು ಹೆಸರು ಯಾಕ ಬಂದ್ವು ಅಂತ ಅವತ್ತ ತಿಳೀತು.

ಉಬ್ಬೋದು ಯಾಕ? ಒಳಗ ಅಲ್ಯೂಮಿನಿಯಂ ಹಾಳಿ ಎರಡು, ನಡುವ ಕಾಗದ, ಆ ಕಾಗದಕ್ಕ ಒಂದು ದ್ರವ ಕುಡಿಸಿ ಸುರುಳಿ ಸುತ್ತಿರ್ತಾರ. ದ್ರವದಾಗ ನೀರು ಹೆಚ್ಚು ಇದ್ರ ಕರೆಂಟ್ ಸಲೀಸು ಹರೀತದ, ತುಟ್ಟಿನೂ ಆಗಂಗಿಲ್ಲ. ಆದ್ರ ನೀರು ಅಲ್ಯೂಮಿನಿಯಂ ತಿಂತದ. ಅಲ್ಯೂಮಿನಿಯಂ ಪಾತ್ರ್ಯಾಗ ಹುಣಸಿಹುಳಿ ಸಾರು ಇಡಬ್ಯಾಡ ಅಂತ ನಮ್ಮ ಹಿರಿಯರು ಹೇಳ್ತಿದ್ರಲ್ಲಾ, ಹೆಚ್ಚು ಕಡಿಮಿ ಅದ ಮಾತು. ಅದಕ್ಕ ದ್ರವದಾಗ ತಡಿಯೋ ರಸಾಯನ ಸ್ವಲ್ಪ ಕೂಡಿಸ್ಬೇಕು. ಅದು ಇಲ್ಲದಿದ್ರ ಒಳಗ ಹೈಡ್ರೋಜನ್ ಗ್ಯಾಸ್ ಆಗಿ ಒತ್ತಡ ಏರ್ತದ. ಆ ಡ್ರಮ್ಮಿನ ತಲಿ ಮ್ಯಾಲ ಕೂಡುಗೆರಿ ಕೊರದಿರ್ತಾರ, ನೋಡ್ರಿ, ಅದು ಕುಕ್ಕರಿನ ಸೇಫ್ಟಿ ವಾಲ್ವ್ ಇದ್ಹಂಗ. ಒತ್ತಡ ಹೆಚ್ಚಾದ್ರ ಪೂರಾ ಸಿಡೀಬಾರದು, ಅಲ್ಲೇ ಬಿರೀಬೇಕು ಅಂತ. ಬಿಸಿ ಹತ್ತು ಡಿಗ್ರಿ ಏರಿದ್ರ ಇದರ ಆಯುಷ್ಯ ಅರ್ಧಕ್ಕ ಇಳೀತದ ಅಂತ ಲೆಕ್ಕ. ಪ್ರೊಸೆಸರ್ ಬಾಜೂಕ ನಿಂತು, ಮ್ಯಾಲ ನಮ್ಮ ಏಪ್ರಿಲ್ ಬಿಸಲು!

ಇನ್ನ ಜಪಾನದ ಕಥಿ. 1999ರ ಸುಮಾರಿನಿಂದ ತೈವಾನದಾಗ ಮಾಡಿದ ಇಂಥಾ ಕೆಪ್ಯಾಸಿಟರ್ ವ್ಯಾಳ್ಯಾಕ್ಕಿಂತ ಮುಂಚೆ ಉಬ್ಬಲಿಕ್ಕೆ ಹತ್ತಿದ್ವು. 2002ರಾಗ ಈ ಉದ್ಯಮದ ಒಂದು ಪತ್ರಿಕೆ, ಆಮ್ಯಾಲ 2003ರಾಗ ಅಮೆರಿಕಾದ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಒಂದು ಸುದ್ದಿ ಬರದ್ವು: ಜಪಾನದ ರುಬಿಕಾನ್ ಕಂಪನಿ ಬಿಟ್ಟ ವಿಜ್ಞಾನಿಯೊಬ್ಬ ಚೀನಾದ ಕಂಪನಿಗೆ ಹೋಗಿ ಅಂಥಾದ ದ್ರವ ಮಾಡಿದ, ಅವನ ಕೈಕೆಳಗಿನವರು ಆ ಪಾಕ ಕದ್ದು ತೈವಾನಕ್ಕ ಒಯ್ದು ಮಾರಿದ್ರು, ಆದ್ರ ಅವರ ಕೈಯಾಗ ಸಿಕ್ಕದ್ದು ಅರ್ಧ ಪಾಕ, ತಡಿಯೋ ರಸಾಯನ ಅದರಾಗ ಇರಲಿಲ್ಲ. ಓದಿದ ಕೂಡಲೇ ನಮಗ ತಿಳೀತದ. ಮಾವಿನಕಾಯಿ ಉಪ್ಪಿನಕಾಯಿ ಕೇಳಿದವರಿಗೆ ಎಲ್ಲಾ ಹೇಳಿ ಮೆಂತೆ ಅಳತಿ ಮಾತ್ರ ಹೇಳದ ಬಿಡೋರು ನಮ್ಮ ಬಳಗದಾಗೂ ಇದ್ದಾರ, ಹೆಸರು ಬ್ಯಾಡ.

ಕಥಿ ಭಾಳ ಚೊಲೋ ಅದ, ಆದ್ರ ಈ ಕಳವಿನ ಮಾತು ಯಾರೂ ಪುರಾವೆ ಸಹಿತ ಸಾಬೀತು ಮಾಡಲಿಲ್ಲ. ಎಲ್ಲಾ ತಪ್ಪೂ ಒಬ್ಬ ಕಳ್ಳನ ತಲಿಗೆ ಕಟ್ಟೋದು ನನಗ ಪಟಾಯಿಸಂಗಿಲ್ಲ. ಯಾಕಂದ್ರ ಜಪಾನದ್ದ ಹೆಸರಾಂತ ನಿಚಿಕಾನ್ ಕಂಪನಿಯ ಕೆಪ್ಯಾಸಿಟರ್ ಸುದ್ಧಾ ಅವ ವರ್ಷದಾಗ ಉಬ್ಬಿದ್ವು. ಅವು ಹೋಗಿ ಕೂತದ್ದು ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಕಂಪ್ಯೂಟರಿನ್ಯಾಗ.

ಡೆಲ್‌ದವರದು ಓದಿದಾಗ ನನಗ ನಗು ಬಂತು, ಆಮ್ಯಾಲ ಸಿಟ್ಟು ಬಂತು. 2003ರ ಮೇದಿಂದ 2005ರ ಜುಲೈ ತನಕ ಅವರು ಇಂಥಾ ಭಾಗ ಇದ್ದ 1 ಕೋಟಿ 18 ಲಕ್ಷ ಕಂಪ್ಯೂಟರ್ ಮಾರಿದ್ರು. ಮೂರು ವರ್ಷದಾಗ ಇವುಗಳೊಳಗ ನೂರಕ್ಕ 97ರ ತನಕ ತ್ರಾಸು ಕೊಡ್ತಾವ ಅಂತ ಕಂಪನಿಯದ ಒಂದು ಅಧ್ಯಯನ ಹೇಳಿತ್ತು. 2005ರಾಗ ಇದರ ಖರ್ಚಿಗಂತ 30 ಕೋಟಿ ಡಾಲರ್ ತಗದಿಟ್ರು. ಇದೆಲ್ಲಾ ಮಂದಿಗೆ ತಿಳದದ್ದು 2010ರಾಗ, ಒಂದು ಖಟ್ಲೆಯ ಕಾಗದ ಪತ್ರ ಕೋರ್ಟಿನಿಂದ ಹೊರಗ ಬಂದು ನ್ಯೂಯಾರ್ಕ್ ಟೈಮ್ಸ್ ಬರದಾಗ. ಅದರಾಗ ಒಂದು ಪ್ರಸಂಗ ಅದ. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದಾಗ ಡೆಲ್ ಕಂಪ್ಯೂಟರ್ ಕೆಡ್ಲಿಕ್ಕೆ ಹತ್ತಿದ್ವು. ಕಂಪನಿಯವರು ಬಂದು ನೋಡಿ ಏನು ಹೇಳಿದ್ರು ಗೊತ್ತೇನ್ರಿ? ಭಾಳ ಕಠಿಣ ಲೆಕ್ಕ ಮಾಡಿಸಿ ಮಶೀನಿಗೆ ದಣಿಸೀರಿ ಅಂತ! ಗಣಿತ ವಿಭಾಗದವರು ಲೆಕ್ಕ ಮಾಡಬಾರದಾಗಿತ್ತು. ಅಂದ್ರ ‘ಯಾರು ಕೂತಿದ್ರು, ಏನು ಒತ್ತಿದ್ರಿ’ ಅನ್ನೋದು ಬರೇ ನಮ್ಮ ಪಡಸಾಲಿ ಮಾತಲ್ಲ, ಪ್ರೊಫೆಸರ್‌ಗಳಿಗೂ ಅದ ಮಾತ ಕೇಳೋದು ತಪ್ಪಲಿಲ್ಲ. ಬೋರ್ಡ್ ಮಾಡೋ ಕಂಪನಿಗಳೊಳಗ ಅಬಿಟ್ ಅನ್ನೋ ತೈವಾನದ ಕಂಪನಿ ಮೊದಲ ‘ಹೌದು, ನಮ್ಮ ಬೋರ್ಡಿನ್ಯಾಗ ಇದು ಆಗ್ಯದ’ ಅಂತ ಒಪ್ಪಿಕೊಂಡಿತ್ತು. ಒಪ್ಪಿಕೊಂಡವರ ಹೆಸರು ಕೆಟ್ಟಿತು, ಬಾಯಿ ಮುಚ್ಚಿಕೊಂಡವರು ಪಾರಾದ್ರು.

ನಮ್ಮ ಹುಡುಗ ಬೆಂಗಳೂರು ಎಸ್.ಪಿ. ರೋಡಿನಿಂದ ಐದು ಕೆಪ್ಯಾಸಿಟರ್ ತಂದ. 1500 ಮೈಕ್ರೋಫ್ಯಾರಡ್, 6.3 ವೋಲ್ಟ್, 105 ಡಿಗ್ರಿ ತಡಿಯೋವು. ಐದಕ್ಕೂ ಕೂಡಿ ನೂರು ರೂಪಾಯಿನೂ ಆಗಲಿಲ್ಲ, ಮೂರು ಫಾರ್ಮ್ಯಾಟಿಗೆ ಕೊಟ್ಟದ್ದು ಒಂಬತ್ತು ನೂರು. ಕಡ್ಡಿಯಂಥಾ ಎರಡು ಕಾಲಿಗೆ ಕಾಯಿಸಿ, ಹಳೇದು ತಗದು, ಉದ್ದ ಕಾಲು ಪ್ಲಸ್ಸಿಗೆ ಬರೋಹಂಗ ನೋಡಿ ಹೊಸಾದು ಬೆಸದ. ಆ ಮಶೀನು 2011ರ ತನಕ ನೆಟ್ಟಗ ನಡೀತು. ಈಗಿನ ಬೋರ್ಡಿನ್ಯಾಗ ಪ್ರೊಸೆಸರ್ ಬಾಜೂಕ ದ್ರವ ಇಲ್ಲದ ಗಟ್ಟಿ ಕೆಪ್ಯಾಸಿಟರ್ ಹಾಕ್ತಾರ, ಅವು ಹಿಂಗ ಉಬ್ಬಂಗಿಲ್ಲ.

ಹಂಗಂತ ಬಂದ್ ಬೀಳೋ ಎಲ್ಲಾ ಹಳೇ ಕಂಪ್ಯೂಟರಿಗೂ ಇದ ಬ್ಯಾನಿ ಅಂತಲ್ಲ. ಫ್ಯಾನಿನ ಸಂದಿಯೊಳಗ ಧೂಳಿ ಹಾಸಿಗಿ ಹಾಸಿತ್ತಂದ್ರ ಬಿಸಿ ಆಗಿ ಬಂದ್ ಬೀಳ್ತದ, ಮೊದಲು ಅದನ್ನ ಬ್ರಶ್ಶಿಲೆ ಝಾಡಿಸ್ರಿ. ರ‍್ಯಾಮಿನ ಪಟ್ಟಿ ತಗದು ಅದರ ಹಳದಿ ಅಂಚಿಗೆ ಪೆನ್ಸಿಲ್ ರಬ್ಬರ್ ತಿಕ್ಕಿ ಹೊಳ್ಳಿ ಕೂಡಿಸಿದ್ರ ಎಷ್ಟೋ ಸಲ ಸುಧಾರಿಸ್ತದ. ತಾರೀಖು ಹಚ್ಚಿದಾಗೊಮ್ಮೆ ಹಿಂದಿನ ವರ್ಷಕ್ಕ ಹೋದ್ರ ಬೋರ್ಡಿನ ನಾಣ್ಯದಂಥಾ ಸೆಲ್ ಸತ್ತದ, ಬಂದ್ ಬೀಳೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದೆಲ್ಲಾ ಮಾಡೋಕಿಂತ ಮುಂಚೆ ಪ್ಲಗ್ ಕಿತ್ತಿರ್ಬೇಕು. ಹಿಂದಿನ ಕರೆಂಟ್ ಡಬ್ಬಿ ಮಾತ್ರ, ಪ್ಲಗ್ ಕಿತ್ತಿದ್ರೂ ಬಿಚ್ಚಬ್ಯಾಡ್ರಿ. ಅದರೊಳಗಿನ ದೊಡ್ಡ ಕೆಪ್ಯಾಸಿಟರ್ ಕರೆಂಟ್ ಹಿಡದಿಟ್ಟುಕೊಂಡು ಕೂತಿರ್ತದ, ಅದು ಝಟಕಾ ಹೊಡೀತದ.

ಮತ್ತ ಯಾರರೆ ‘ಫಾರ್ಮ್ಯಾಟ್’ ಅಂದ್ರ, ಮೊದಲು ತಗಡು ಬಿಚ್ಚಿ ಆ ಡ್ರಮ್ಮಿನ ತಲಿ ನೋಡ್ರಿ ಅಂತ ಹೇಳ್ರಿ. ಎರಡ ನಿಮಿಷದ ಕೆಲಸ. ಅಟ್ಟದ ಮ್ಯಾಲಿನದನ್ನ ಗುಜರಿಗೆ ಹಾಕೋದಿದ್ರ ಹಾರ್ಡ್ ಡಿಸ್ಕ್ ತಗದಿಟ್ಟು ಹಾಕ್ರಿ. ನಾಲ್ಕು ಸ್ಕ್ರೂ, ಎರಡು ವಾಯರ್, ಅಷ್ಟ. ಅಗಲ ಪಟ್ಟಿ ವಾಯರ್ ಇದ್ರ ಅದು ಐಡಿಇ, ಯುಎಸ್‌ಬಿಗೆ ಜೋಡಿಸೋ ಅಡಾಪ್ಟರ್ ಈಗೂ ಸಿಗ್ತಾವ. ಕಂಪ್ಯೂಟರ್ ಸತ್ತಿದ್ರೂ ಡಿಸ್ಕಿನ್ಯಾಗ ನಿಮ್ಮ ಫೈಲ್ ಇರಬಹುದು. ಹಳೇ ನುಡಿ ಫೈಲ್ ತಗದ್ರ ಕಾಗಿ-ಗುಬ್ಬಿ ಅಕ್ಷರ ಕಾಣಸ್ತಾವ, ಕೆಟ್ಟದ ಅಂತ ಅಳಸಿಬಿಡಬ್ಯಾಡ್ರಿ. ಆ ಹಳೇ ಫಾಂಟ್ ಹಾಕಿದ್ರ ಇಲ್ಲಾ ಯುನಿಕೋಡಿಗೆ ಬದಲ ಮಾಡಿದ್ರ ಕನ್ನಡ ಬರ್ತದ. ನಮ್ಮತ್ತಿಯವರ 47 ಹಾಡು ಹಂಗ ಬದಲ ಮಾಡಿ ಇಟ್ಟೀನಿ, ಬೇಕಾದವರು ಕೇಳ್ರಿ. ಬೀಗರ ಹಾಡು ನಿಮ್ಮ ಮನಿ ಹಿರಿಯರಿಗೆ ಬರ್ತಿದ್ರ ನನಗ ಫೋನ್ ಮಾಡ್ರಿ.